ಕನ್ನಡಿ ನೋಡದೆ ವ್ಯಾಯಾಮ ಮಾಡೋದು ಹೇಗೆ? 6ರಿಂದ ಶುರುವಾಗುವ ಒಂದು ವಿಚಿತ್ರ ಅಳತೆ

ನಮಸ್ಕಾರ. ಕಲಬುರಗಿಯ ಒಬ್ಬ ವೀಕ್ಷಕಿ ಕಳಿಸಿದ ಪ್ರಶ್ನೆಯಿಂದ ಶುರು ಮಾಡೋಣ.

"ಮೈ ಬಗ್ಗೆ ಧೈರ್ಯ ಬರ್ಲಿ ಅಂತ ಜಿಮ್ಮಿಗಿ ಸೇರಿದ್ದೆ. ನಾಕೂ ಗ್ವಾಡಿಗಿ ಕನ್ನಡಿ ಅವರಿ. ಹೋದಂಗೆಲ್ಲ ನಾಚಿಕಿನೇ ಜಾಸ್ತಿ ಆಗ್ಲತ್ತದ. ಯಾಕ್ರಿ ಹಿಂಗ?"

ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ವ್ಯಾಯಾಮ ಮಾಡಿದರೆ ಆತ್ಮವಿಶ್ವಾಸ ತಾನಾಗೇ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಇವರಿಗೆ ಆಗಿದ್ದು ಉಲ್ಟಾ. ನಮ್ಮ ಕಡೆ ಮದುವೆ ಮನೆಗೆ ಹೋದರೂ ಮೊದಲ ಮಾತು ಮೈ ಬಗ್ಗೆಯೇ ಇರುತ್ತದೆ. "ಎಷ್ಟ್ ಸೊರಗೀದಿ" ಇಲ್ಲವೇ "ಎಷ್ಟ್ ದಪ್ಪ ಆಗೀದಿ". ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಕೇಳಿ ಕೇಳಿ ನಾವೂ ನಮ್ಮನ್ನು ಅದೇ ಕಣ್ಣಿನಿಂದ ನೋಡಲು ಕಲಿಯುತ್ತೇವೆ.

ಇದರ ಬಗ್ಗೆ ಒಂದು ಅಧ್ಯಯನವಿದೆ. ಅಮೆರಿಕದಲ್ಲಿ ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನೇ ಕನ್ನಡಿ ಇರುವ ಕೋಣೆಗೆ ಕಳಿಸಿದರು. ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್. ಅದನ್ನು ಹಾಕಿಕೊಂಡೇ ಗಣಿತದ ಪರೀಕ್ಷೆ ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಆದರೂ ಈಜುಡುಗೆ ಹಾಕಿದ ಹುಡುಗಿಯರಿಗೆ ಸ್ವೆಟರ್ ಹಾಕಿದವರಿಗಿಂತ ಕಡಿಮೆ ಅಂಕ ಬಂತು. ಹುಡುಗರಲ್ಲಿ ಹಾಗೆ ಕಾಣಲಿಲ್ಲ.

ಯಾಕೆ? ಮನಸ್ಸಿನ ಒಂದು ಪಾಲು 'ನಾನು ಹೇಗೆ ಕಾಣುತ್ತಿದ್ದೇನೆ' ಅನ್ನುವುದಕ್ಕೇ ಖರ್ಚಾಗುತ್ತದೆ ಅಂತ ಅವರ ವಿವರಣೆ. ಈಗ ಜಿಮ್ ನೆನಪಿಸಿಕೊಳ್ಳಿ. ಸ್ಕ್ವಾಟ್, ಅಂದರೆ ಬೈಠಕ್ ಮಾಡುವಾಗ ಗಮನ ಮೊಣಕಾಲಿನ ಮೇಲಿರಬೇಕು. ಅದು ಹೊಟ್ಟೆಯ ಮೇಲಿದ್ದರೆ ವ್ಯಾಯಾಮ ಎಲ್ಲಿ ನಡೆಯುತ್ತದೆ?

ಹಾಗಾದರೆ ಗಮನವನ್ನು ಎಲ್ಲಿ ಇಡಬೇಕು? ಮೈಯೊಳಗೆ. ಉಸಿರು, ಎದೆಬಡಿತ, ಕಾಲಿನ ಭಾರ. "ಒಳಗೆ ಗಮನ ಕೊಡಿ" ಅಂತ ಸುಮ್ನೆ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದು ಅಳತೆ ಬೇಕು. ಆ ಅಳತೆ ನನಗೆ ಬಹಳ ಇಷ್ಟ.

[ಪರದೆ: 6ರಿಂದ 20ರವರೆಗಿನ ಉದ್ದ ಪಟ್ಟಿ]

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಇದನ್ನು ರೂಪಿಸಿದರು. ಕೆಲಸ ಮಾಡುವಾಗ ನಿಮಗೆ ಎಷ್ಟು ಕಷ್ಟ ಅನಿಸುತ್ತಿದೆ? ಒಂದು ಅಂಕಿ ಹೇಳಿ. ಅಷ್ಟೇ. ಆದರೆ ಪಟ್ಟಿ 1ರಿಂದ ಶುರುವಾಗುವುದಿಲ್ಲ, 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. 6 ಅಂದರೆ ಏನೂ ಶ್ರಮ ಇಲ್ಲ. 9 ಅಂದರೆ ನಿಧಾನ ನಡಿಗೆ. 13 ಅಂದರೆ ಸ್ವಲ್ಪ ಕಷ್ಟ, ಆದರೆ ಮುಂದುವರಿಸಬಹುದು. 17 ಅಂದರೆ ಬಹಳ ಕಷ್ಟ, ಮೈಯನ್ನು ಎಳೆದುಕೊಂಡೇ ಹೋಗಬೇಕು. 20ರ ಆಚೆ ಏನೂ ಇಲ್ಲ.

ಯಾಕೆ 6? ನೀವು ಹೇಳಿದ ಅಂಕಿಗೆ ಒಂದು ಸೊನ್ನೆ ಸೇರಿಸಿ ನೋಡಿ. 6 ಹೋಗಿ 60 ಆಯಿತು. ಸುಮ್ಮನೆ ಕೂತಿರುವ ಆರೋಗ್ಯವಂತನ ಎದೆಬಡಿತ ನಿಮಿಷಕ್ಕೆ ಸುಮಾರು ಅಷ್ಟೇ. 20 ಹೋಗಿ 200 ಆಯಿತು. ಹರೆಯದವರು ಪೂರ್ತಿ ಜೋರಿನಿಂದ ಓಡಿದಾಗ ಅದರ ಹತ್ತಿರ ಹೋಗುತ್ತದೆ. 13 ಅಂದವರ ಬಡಿತ ಹೆಚ್ಚುಕಡಿಮೆ 130! ಯಂತ್ರ ಇಲ್ಲ, ವಾಚ್ ಇಲ್ಲ. ಒಬ್ಬ ಮನುಷ್ಯ ತನ್ನ ಮೈ ಕೇಳಿ ಒಂದು ಅಂಕಿ ಹೇಳುತ್ತಾನೆ, ಅವನ ಹೃದಯ ಅದಕ್ಕೆ ಹತ್ತಿರದಲ್ಲೇ ಬಡಿಯುತ್ತಿರುತ್ತದೆ. ವಯಸ್ಸಾದಂತೆ ಈ ಲೆಕ್ಕ ಹಿಗ್ಗಾಮುಗ್ಗಾ ಆಗುತ್ತದೆ, ನಿಜ. ಯಾಕೆಂದರೆ ಗರಿಷ್ಠ ಬಡಿತ ಕಡಿಮೆಯಾಗುತ್ತಾ ಹೋಗುತ್ತದೆ. ಬೀಟಾ ಬ್ಲಾಕರ್, ಅಂದರೆ ಎದೆಬಡಿತ ತಗ್ಗಿಸುವ ಮಾತ್ರೆ ತಗೊಳ್ಳುವವರಲ್ಲಿ ಬಡಿತ ಏರುವುದೇ ಕಡಿಮೆ. ಅಂಥವರಿಗೆ ನಾಡಿಗಿಂತ ಈ ಅಂಕಿಯೇ ಹೆಚ್ಚು ಉಪಯೋಗ. ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕಡೆ ಇದನ್ನು ಇಂದಿಗೂ ಬಳಸುತ್ತಾರೆ.

ಅಂದರೆ ನಿಮ್ಮ ಮೈ ಹೇಳುವ ಮಾತನ್ನು ನಂಬಬಹುದು. ಆ ವೀಕ್ಷಕಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಇದನ್ನೇ.

ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವವರನ್ನು ನೋಡಿ. ಯಾರಾದರೂ ಎಸರು ಅಳೆದು ಹಾಕುತ್ತಾರಾ? ಇಲ್ಲ. ಹಿಟ್ಟು ಹೊಸದಾದರೆ ಒಂದು ಹದ. ಹಳೆಯದಾಗಿ ಜಿಗಿ ಹೋಗಿದ್ದರೆ ಇನ್ನೊಂದು ಹದ, ಜಾಸ್ತಿ ನಾದಬೇಕು, ಇಲ್ಲದಿದ್ದರೆ ರೊಟ್ಟಿ ಹರಿಯುತ್ತದೆ. ಅದನ್ನು ಅಂಗೈ ತಿಳಿದುಕೊಳ್ಳುತ್ತದೆ, ಅಂಗೈ ನಿರ್ಧರಿಸುತ್ತದೆ. ನಿನ್ನೆಯ ಅಳತೆ ಇವತ್ತಿನ ಹಿಟ್ಟಿಗೆ ಹೊಂದದಿದ್ದರೆ ಯಾರೂ ಹಿಟ್ಟನ್ನು ಬೈಯುವುದಿಲ್ಲ. ಮೈ ವಿಷಯದಲ್ಲಿ ಮಾತ್ರ ನಾವು ಬೈಯುತ್ತೇವೆ. "ನಿನ್ನೆ ಐದು ಸುತ್ತು ಆಗಿತ್ತು, ಇವತ್ತು ಮೂರಕ್ಕೇ ಸುಸ್ತು, ನಾನು ಉಪಯೋಗ ಇಲ್ಲ" ಅಂತ.

ಕಲಬುರಗಿಯಲ್ಲಿ ಇದನ್ನು ಇನ್ನೂ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೆಕೆಯಲ್ಲಿ ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ. ಬೆವರಿನಲ್ಲಿ ನೀರು ಹೋಗುತ್ತದೆ. ಹಾಗಾಗಿ ಅದೇ ವೇಗದಲ್ಲಿ ನಡೆದರೂ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಜನವರಿಯಲ್ಲಿ ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ 11 ಅನಿಸಿದ ನಡಿಗೆ ಮೇ ತಿಂಗಳಲ್ಲಿ 14 ಅನಿಸಬಹುದು. ನೀವು ಸೋಮಾರಿ ಆಗಿಲ್ಲ. ನಿಮ್ಮ ಮೈ ಎರಡು ಕೆಲಸ ಮಾಡುತ್ತಿದೆ. ವೇಗ ಇಳಿಸಿ, ಅಂಕಿ ಅದೇ ಇರಲಿ. ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲೇ ನಿಲ್ಲಿ, ಡಾಕ್ಟರ್ ಹತ್ತಿರ ಹೋಗಿ.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಮಧ್ಯಮ ಅಂದರೆ ಬೋರ್ಗ್ ಪಟ್ಟಿಯಲ್ಲಿ 12ರಿಂದ 14. ಪಟ್ಟಿ ಮರೆತರೆ ಗೆಳತಿ ಜೊತೆ ಮಾತಾಡುತ್ತಾ ನಡೆಯಿರಿ. ಮಾತು ಬರುತ್ತದೆ, ಆದರೆ ಹಾಡಲು ಉಸಿರು ಸಾಲುವುದಿಲ್ಲ ಅನ್ನುವ ಹಂತವೇ ಮಧ್ಯಮ.

ಟೈಮ್ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಭಾರ ಎತ್ತಲು ಶುರು ಮಾಡಿದ ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚುವುದು ಬಹುಪಾಲು ನರಗಳಿಂದ. ಸ್ನಾಯುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಲು ಮಿದುಳು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ಅಂದರೆ ನಿಮ್ಮ ಶಕ್ತಿ ಆಗಲೇ ಹೆಚ್ಚಾಗಿರುತ್ತದೆ, ಕನ್ನಡಿಗೆ ಮಾತ್ರ ಇನ್ನೂ ಗೊತ್ತಾಗಿರುವುದಿಲ್ಲ. ತೂಕದ ಯಂತ್ರವೂ ಹಾಗೇ. ಗ್ಲೈಕೋಜನ್ ಅಂದರೆ ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ. ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಊಟ, ಉಪ್ಪು, ಮುಟ್ಟು, ಇವುಗಳಿಂದ ಒಂದೆರಡು ಕಿಲೋ ಮೇಲೆ ಕೆಳಗೆ ಆಗುವುದು ಮಾಮೂಲು. ದಿನಾ ಹತ್ತಿ ನೋಡಿ ಅಳುವಂಥದ್ದು ಅದರಲ್ಲಿಲ್ಲ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ನೋಡುವ ಲೆಕ್ಕ. ಅದರ ಮೂಲ ಹಾಕಿದ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟೆಲೆ 1830ರ ದಶಕದಲ್ಲಿ ಹುಡುಕುತ್ತಿದ್ದುದು ಜನಸಮೂಹದ ಸರಾಸರಿಯನ್ನು. ಒಬ್ಬೊಬ್ಬರ ಆರೋಗ್ಯ ತೂಗುವುದು ಅವರ ಉದ್ದೇಶ ಆಗಿರಲಿಲ್ಲ.

ಜಿಮ್ ನಡೆಸುವವರಿಗೆ ನನ್ನದೊಂದು ಮನವಿ. ಭಂಗಿ ತಿದ್ದಿಕೊಳ್ಳಲು ಕನ್ನಡಿ ಬೇಕು, ಒಪ್ಪುತ್ತೇನೆ. ಆದರೆ ಒಂದು ಗೋಡೆ ಖಾಲಿ ಬಿಡಿ. ಅಲ್ಲಿ ಬೋರ್ಗ್ ಪಟ್ಟಿಯನ್ನು ಕನ್ನಡದಲ್ಲಿ ಅಂಟಿಸಿ. "ಮೊದಲು ಹೀಗಿದ್ದರು, ಈಗ ಹೀಗಾದರು" ಅನ್ನುವ ಫೋಟೋ ತೆಗೆದುಬಿಡಿ. ಹೊಸದಾಗಿ ಬಂದವರಿಗೆ ಅದು ಮೊದಲ ದಿನವೇ 'ನಿನ್ನ ಈಗಿನ ಮೈ ಸರಿಯಿಲ್ಲ' ಅಂತ ಹೇಳುತ್ತದೆ.

ಇನ್ನೊಂದು ಮಾತು. ಮೈ ಬಗ್ಗೆ ಬೇಜಾರಿನಿಂದ ಊಟ ಬಿಡುತ್ತಿದ್ದರೆ, ಉಂಡಿದ್ದಕ್ಕೆ ಶಿಕ್ಷೆ ಅಂತ ವ್ಯಾಯಾಮ ಮಾಡುತ್ತಿದ್ದರೆ, ಒಬ್ಬರೇ ನುಂಗಿಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾಳೆ ನಡೆದು ಬಂದ ಮೇಲೆ ಕಮೆಂಟಿನಲ್ಲಿ ಬರೆಯಿರಿ: ಎಲ್ಲಿ ನಡೆದಿರಿ, ಎಷ್ಟು ಹೊತ್ತಿಗೆ, ಅಂಕಿ ಎಷ್ಟು. ತೂಕ ಬೇಡ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಉತ್ತರ ಬಂದರೆ, ಈ ಬೇಸಿಗೆಯಲ್ಲಿ ಯಾವ ಹೊತ್ತಿನ ನಡಿಗೆ ಹಗುರ ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.