ಮೂರು ವರ್ಷದ ಮಗುವಿಗೆ ಮನೆಯೋ, ಶಾಲೆಯೋ?

ಕೇಳುಗರಿಗೆ ನಮಸ್ಕಾರ.

ಜೂನ್ ಹತ್ತಿರವಾದಂತೆ ನನಗೆ ಬರುವ ಫೋನು ಕರೆಗಳದ್ದೆಲ್ಲ ಒಂದೇ ರಾಗ. ‘ಮಗುವಿಗೆ ಮೂರು ತುಂಬಿತು. ಎದುರುಮನೆಯ ಮಗು ಆಗಲೇ ನರ್ಸರಿಗೆ ಹೋಗುತ್ತಿದೆ. ನಮ್ಮದು ಹಿಂದೆ ಬೀಳುವುದಿಲ್ಲವೇ?’ ಇಲ್ಲ, ಬೀಳುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಲೇ ತಲೆ ನರೆತವಳು ನಾನು. ಮನೆಯೋ ಶಾಲೆಯೋ ಎಂಬುದನ್ನು ಆಮೇಲೆ ಕೇಳಿ. ದಿನವಿಡೀ ಆ ಮಗುವಿನೊಡನೆ ಮಾತನಾಡುವವರು ಯಾರು? ಅದನ್ನು ಮೊದಲು ಹೇಳಿ.

ಒಮ್ಮೆ ಪರಿಚಿತರೊಬ್ಬರು ಮೊಮ್ಮಗಳನ್ನು ಶಾಲೆಗೆ ಸೇರಿಸಲು ಹೊರಟಾಗ ನನ್ನನ್ನೂ ಕರೆದೊಯ್ದರು. ಸಂದರ್ಶನವಂತೆ! ಮೂರು ವರ್ಷದ ಕೂಸಿಗೆ! ಅಜ್ಜನದು ಬಾಳೆಹಣ್ಣಿನ ಮಂಡಿ. ಮಗು ಬೆಳೆದದ್ದೇ ಅಲ್ಲಿ, ಗೊನೆಗಳ ನಡುವೆ, ಗೋಣಿತಾಟಿನ ಮೇಲೆ. ಶಿಕ್ಷಕಿ ಬಾಳೆಹಣ್ಣಿನ ಚಿತ್ರ ತೋರಿಸಿ, ‘ಇದರ ಬಣ್ಣ ಯಾವುದು?’ ಎಂದರು. ಮಗು ಚಿತ್ರವನ್ನು ದಿಟ್ಟಿಸಿ ನೋಡಿ, ‘ಯಾವ ಹಣ್ಣು? ಏಲಕ್ಕಿಯೋ, ಪಚ್ಚಬಾಳೆಯೋ?’ ಎಂದು ತಿರುಗಿ ಕೇಳಿತು. ಸರಿಯಾದ ಪ್ರಶ್ನೆ ತಾನೇ? ಪಚ್ಚಬಾಳೆ ಹಣ್ಣಾದರೂ ಸಿಪ್ಪೆಯಲ್ಲಿ ಹಸಿರು ಉಳಿದಿರುತ್ತದೆ. ಶಿಕ್ಷಕಿ ಮತ್ತೆ ಬಣ್ಣವನ್ನೇ ಕೇಳಿದರು. ಮಗು ಅಜ್ಜನ ಮುಖ ನೋಡಿ, ‘ಇವರಿಗೆ ಗೊತ್ತಿಲ್ಲ, ತಾತ’ ಎಂದಿತು. ನಾನು ನಕ್ಕುಬಿಟ್ಟೆ, ನಗಬಾರದಿತ್ತು. ಹಾಳೆಯ ಮೇಲೆ ‘ಬಣ್ಣಗಳನ್ನು ಗುರುತಿಸುವುದಿಲ್ಲ’ ಎಂದು ಬರೆದುಕೊಂಡರು. ಬಣ್ಣ, ಜಾತಿ, ಕಾಯಿ, ದೋರೆ, ಹಣ್ಣು, ಇಷ್ಟನ್ನೂ ಬಲ್ಲ ಮಗು ಅದು! ಕಲಿಸಿದವರು ಯಾರು? ಗೊನೆ ಇಳಿಸುತ್ತ, ಚಿಪ್ಪು ಎಣಿಸುತ್ತ ಮೊಮ್ಮಗಳೊಡನೆ ಮಾತನಾಡುತ್ತಲೇ ಇದ್ದ ಅಜ್ಜ.

ಗಡಿಯಾರ ನೋಡಿದರೆ ನನ್ನ ಸಮಯದ ಬಹುಪಾಲನ್ನು ಬಾಳೆಹಣ್ಣೇ ತಿಂದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮನೆಯಲ್ಲಿ ಅಂಥ ಅಜ್ಜನೋ ಅಜ್ಜಿಯೋ ಇದ್ದು, ಓರಗೆಯ ನಾಲ್ಕು ಮಕ್ಕಳು ಆಟಕ್ಕೆ ಸಿಗುವುದಾದರೆ ಮಗು ಮನೆಯಲ್ಲೇ ಇರಲಿ. ಕಡ್ಡಾಯ ಶಿಕ್ಷಣದ ಕಾಯ್ದೆ ಹೇಳುವುದು 6ರಿಂದ 14 ವರ್ಷದವರ ಬಗ್ಗೆ, ಮೂರು ವರ್ಷದವರ ಬಗ್ಗೆ ಅಲ್ಲ. ಇಬ್ಬರೂ ದುಡಿಯಲು ಹೋಗಿ ಮಗುವಿಗೆ ಮೊಬೈಲೇ ಗತಿಯಾಗಿದ್ದರೆ, ದಯವಿಟ್ಟು ಅಂಗನವಾಡಿಗೆ ಕಳುಹಿಸಿ. ‘ಅಲ್ಲಿ ಬರೀ ಊಟ ಹಾಕುತ್ತಾರೆ’ ಎಂದು ಮೂಗು ಮುರಿಯಬೇಡಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗಿನಿಂದಲೂ ಶಾಲಾಪೂರ್ವ ಶಿಕ್ಷಣ ಅದರ ಭಾಗವೇ. ಹಾಡು, ಕಥೆ, ಮರಳು, ಮಣಿ, ಕಾಳು ವಿಂಗಡಿಸುವ ಆಟ, ಇವೇ ಅಲ್ಲಿಯ ಪಾಠಗಳು. ಕಾರ್ಯಕರ್ತೆಯನ್ನು ಅಕ್ಷರ ಬರೆಸಲಿಲ್ಲವೇಕೆ ಎಂದು ಮಾತ್ರ ಕಾಡಬೇಡಿ. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ತುರುಕುವುದು ಬೇಡ. ಬೇಡ ಎಂದರೆ ಬೇಡ.

ನರ್ಸರಿಯೇ ಬೇಕೆಂದಿರಾ? ಶುಲ್ಕ ಕಟ್ಟುವ ಮುನ್ನ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ ಕಿಟಕಿಯ ಹೊರಗೆ ಸುಮ್ಮನೆ ನಿಂತುಕೊಳ್ಳಿ. ಮಕ್ಕಳ ಗಲಗಲ ಕೇಳಿಸಿದರೆ ಒಳಗೆ ಹೋಗಿ. ಟೀಚರ್ ಒಬ್ಬರ ದನಿಯೇ ಕೇಳುತ್ತಿದ್ದರೆ, ಮಗುವನ್ನು ಸೊಂಟಕ್ಕೆತ್ತಿಕೊಂಡು ಬಂದ ದಾರಿಯಲ್ಲೇ ಹೊರಟುಬಿಡಿ. ದಾರಿಯಲ್ಲಿ ಬಾಳೆಹಣ್ಣಿನ ಅಂಗಡಿ ಸಿಕ್ಕರೆ ಸ್ವಲ್ಪ ಹೊತ್ತು ನಿಲ್ಲಿ.

ನಮಸ್ಕಾರ.