ಕಿಂಡರ್‌ಡೈಕ್‌ನ 19 ವಿಂಡ್‌ಮಿಲ್‌ಗಳು ಹಿಟ್ಟೇ ಬೀಸ್ತಿರಲಿಲ್ಲ! | ರಾಟರ್‌ಡ್ಯಾಮ್‌ನಿಂದ ಇಬ್ಬರ ಒಂದು ದಿನ

[ದೃಶ್ಯ: ಕಾಲುವೆ ದಂಡೆ, ಸಾಲಾಗಿ ವಿಂಡ್‌ಮಿಲ್‌ಗಳು]

ನಮಸ್ಕಾರ. ನೆದರ್‌ಲ್ಯಾಂಡ್ಸ್‌ಗೆ ಹೋದ ಜೋಡಿಗಳು ಹಾಕೋ ಫೋಟೋ ಗಮನಿಸಿ, ಹಿಂದೆ ಒಂದು ವಿಂಡ್‌ಮಿಲ್ ಇದ್ದೇ ಇರುತ್ತೆ. ಕಿಂಡರ್‌ಡೈಕ್‌ನಲ್ಲಿ ಒಂದಲ್ಲ, 19 ಇವೆ. ಒಂದು ಹಳ್ಳಿಗೆ 19 ಹಿಟ್ಟಿನ ಗಿರಣಿ ಯಾಕೆ ಬೇಕು? ಬೇಡ. ಇವು ಹಿಟ್ಟು ಬೀಸೋಕೆ ಕಟ್ಟಿದ್ದಲ್ಲ, ನೀರು ಎತ್ತೋಕೆ ಕಟ್ಟಿದ್ದು.

ಮೊದಲು ದಾರಿ, ಬೇಗ ಮುಗಿಸ್ತೀನಿ. ರಾಟರ್‌ಡ್ಯಾಮ್‌ನ ಎರಾಸ್ಮಸ್ ಸೇತುವೆ ಪಕ್ಕದಲ್ಲೇ ವಾಟರ್‌ಬಸ್ ಕಟ್ಟೆ. ನೇರ ದೋಣಿ ವರ್ಷವಿಡೀ ಸಿಗಲ್ಲ. ಉಳಿದ ಸಮಯದಲ್ಲಿ ನಡುವೆ ಇಳಿದು ಸಣ್ಣ ದೋಣಿ ಹತ್ತಬೇಕು. ಹಿಂದಿನ ರಾತ್ರಿಯೇ 9292 ಆಪ್‌ನಲ್ಲಿ ಸಮಯ ನೋಡ್ಕೊಳ್ಳಿ. ಮೆಟ್ರೋ, ಟ್ರಾಮ್, ರೈಲಿಗೆ ಟಿಕೆಟ್ ಕೊಳ್ಳೋದೇ ಬೇಡ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮುಟ್ಟಿಸಿದರೆ ಸಾಕು.

ಜೋಡಿಗಳು ಎಡವೋದು ಇಲ್ಲೇ. ಒಂದೇ ಕಾರ್ಡ್‌ನಲ್ಲಿ ಇಬ್ಬರು ಹೋಗೋ ಹಾಗಿಲ್ಲ. ಗಂಡ ಮುಟ್ಟಿಸಿದ ಕಾರ್ಡನ್ನೇ ಹೆಂಡತಿ ಮುಟ್ಟಿಸಿದರೆ ಯಂತ್ರಕ್ಕೆ ಅದು ಎರಡನೇ ಪ್ರಯಾಣಿಕರು ಅಂತ ಗೊತ್ತಾಗಲ್ಲ, ಮೊದಲನೆಯವರು ಪ್ರಯಾಣ ಮುಗಿಸಿದರು ಅಂತ ಲೆಕ್ಕ ಹಾಕುತ್ತೆ. ಖಾತೆ ಜಾಯಿಂಟ್ ಇರಬಹುದು, ಪ್ರಯಾಣ ಜಾಯಿಂಟ್ ಅಲ್ಲ! ಒಬ್ಬರಿಗೆ ಒಂದು ಕಾರ್ಡ್ ಇಟ್ಕೊಳ್ಳಿ. ಹತ್ತುವಾಗ ಕಾರ್ಡ್, ಇಳಿಯುವಾಗ ಫೋನ್ ಅಂತ ಬದಲಾಯಿಸಿದರೂ ಅವು ಬೇರೆ ಬೇರೆ ಪ್ರಯಾಣ ಆಗ್ತವೆ, ಎರಡೂ ಅರ್ಧಕ್ಕೇ ನಿಲ್ತವೆ. ಊರಿಂದ ಹೊರಡೋ ಮುಂಚೆ ಬ್ಯಾಂಕ್ ಆಪ್‌ನಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ನಮ್ಮ ಎಷ್ಟೋ ಕಾರ್ಡ್‌ಗಳಲ್ಲಿ ಇವು ಆಫ್ ಆಗೇ ಬರ್ತವೆ.

[ನಕ್ಷೆ: ಲೆಕ್ ನದಿ, ಕಾಲುವೆಗಳು]

ಈಗ ನನ್ನ ಇಷ್ಟದ ಭಾಗ. ಇಲ್ಲಿ ಸ್ವಲ್ಪ ಹೊತ್ತು ಕೂರ್ತೀನಿ, ಸಹಿಸ್ಕೊಳ್ಳಿ.

ಈ ಪ್ರದೇಶದ ಹೆಸರು ಆಲ್ಬ್ಲಾಸರ್‌ವಾರ್ಡ್. ನೆಲ ಪೀಟ್, ಅಂದರೆ ಕೊಳೆತ ಗಿಡಗಂಟಿಯ ಮೆತ್ತನೆ ಮಣ್ಣು. ಬೇಸಾಯಕ್ಕೆ ಅಂತ ನೂರಾರು ವರ್ಷದ ಹಿಂದೆ ಕಾಲುವೆ ತೋಡಿ ನೀರು ಬಸಿದರು. ಬಸಿದ ಪೀಟ್ ಒಣಗುತ್ತೆ, ಗಾಳಿ ತಾಕಿ ಕರಗುತ್ತೆ, ನೆಲ ಕುಸಿಯುತ್ತೆ. ಕುಸಿದ ನೆಲದಲ್ಲಿ ಮತ್ತೆ ನೀರು. ಮತ್ತೆ ಬಸಿ, ಮತ್ತೆ ಕುಸಿ. ಮೊದಮೊದಲು ನದಿ ಇಳಿತದ ಹೊತ್ತಿಗೆ ತೂಬು ತೆಗೆದರೆ ನೀರು ತಾನಾಗೇ ಹೋಗ್ತಿತ್ತು. ನೆಲ ಇಳೀತಾ ನದಿ ಏರ್ತಾ ಹೋದ ಹಾಗೆ ಆ ಉಪಾಯ ಸಾಲದೇ ಹೋಯ್ತು. ಆಗ 1738ರಲ್ಲಿ ಎಂಟು ಇಟ್ಟಿಗೆಯ ದುಂಡು ಮಿಲ್, 1740ರಲ್ಲಿ ಎಂಟು ಹುಲ್ಲು ಹೊದಿಸಿದ ಎಂಟು ಮೂಲೆಯ ಮಿಲ್ ಎದ್ದವು. ಉಳಿದ ಮೂರು ಬೇರೆ ಗುಂಪಿನವು.

ನಮ್ಮಲ್ಲಿ ಏತ ನೀರಾವರಿ ಅಂತೀವಲ್ಲ, ನದಿ ನೀರನ್ನು ಮೇಲಿನ ಹೊಲಕ್ಕೆ ಏರಿಸೋದು, ಇದು ಅದರ ತದ್ವಿರುದ್ಧ: ಹೊಲದ ನೀರನ್ನು ಮೇಲಿರೋ ನದಿಗೆ ಏರಿಸೋದು. ರೆಕ್ಕೆ ತಿರುಗಿದರೆ ಒಳಗಿನ ಮರದ ಹಲ್ಲುಚಕ್ರಗಳು, ನಡುವಿನ ನಿಲುಗಂಬ, ಕೊನೆಗೆ ಬುಡದಲ್ಲಿರೋ ಹಲಗೆಚಕ್ರ ತಿರುಗುತ್ತೆ. ಆ ಚಕ್ರ ನೀರನ್ನು ತಳ್ಳಿ ತಳ್ಳಿ ಒಂದೂವರೆ ಮೀಟರ್‌ಗಿಂತ ಕಡಿಮೆ ಎತ್ತರಕ್ಕೆ ಏರಿಸುತ್ತೆ, ಅಷ್ಟೇ.

ಆದರೆ ಜಾಣತನ ಇರೋದು ಮಿಲ್‌ನಲ್ಲಲ್ಲ. ಗಾಳಿ ಬೀಸೋ ಹೊತ್ತಿಗೆ ನದಿ ಉಬ್ಬರದಲ್ಲಿದ್ದರೆ? ಎತ್ತಿದ ನೀರು ಹೋಗೋದೆಲ್ಲಿಗೆ? ಅದಕ್ಕೇ ನಡುವೆ ಒಂದು ಎತ್ತರದ ಜಲಾಶಯ ಮಾಡಿದರು. ಗಾಳಿ ಬಂದಾಗ ಕೆಳಗಿನ ಕಾಲುವೆಯಿಂದ ಅದಕ್ಕೆ ತುಂಬಿಸೋದು, ನದಿ ಇಳಿದಾಗ ತೂಬು ತೆಗೆದು ಲೆಕ್‌ಗೆ ಬಿಡೋದು. ಗಾಳಿಗೂ ಉಬ್ಬರವಿಳಿತಕ್ಕೂ ಹೊಂದಾಣಿಕೆ ಆಗದಿದ್ದರೂ ಕೆಲಸ ನಿಲ್ತಿರಲಿಲ್ಲ. ಹೋದಾಗ ರೆಕ್ಕೆ ಮಾತ್ರ ನೋಡ್ಬೇಡಿ, ದಾರಿಯುದ್ದಕ್ಕೂ ನೀರಿನ ಮಟ್ಟಗಳನ್ನು ಹೋಲಿಸಿ ನೋಡಿ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಬರೀ ಮಿಲ್‌ಗಳಲ್ಲ, ಈ ಇಡೀ ಏರ್ಪಾಡು.

[ದೃಶ್ಯ: ನಿಂತ ರೆಕ್ಕೆಗಳು, ಹತ್ತಿರದಿಂದ]

ರೆಕ್ಕೆ ಎಲ್ಲಿ ನಿಂತಿದೆ ಅನ್ನೋದೂ ಒಂದು ಸುದ್ದಿ. ಎದುರಿನಿಂದ ನೋಡಿದರೆ ಡಚ್ ಮಿಲ್‌ಗಳು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗ್ತವೆ. ಮೇಲಿನ ರೆಕ್ಕೆ ತುದಿ ಮುಟ್ಟೋಕೆ ಸ್ವಲ್ಪ ಮುಂಚೆ, ಬಲಕ್ಕೆ ನಿಂತಿದ್ದರೆ ಮನೆಯಲ್ಲಿ ಮದುವೆ, ಮಗು, ಏನೋ ಸಂತೋಷ. ತುದಿ ದಾಟಿ ಎಡಕ್ಕೆ ನಿಂತಿದ್ದರೆ ಸಾವು. ನೆಟ್ಟಗೆ ಕೂಡಿಸೋ ಚಿಹ್ನೆ ಥರ ಇದ್ದರೆ ಸಣ್ಣ ವಿರಾಮ, ಓರೆಯಾಗಿ ಗುಣಿಸೋ ಚಿಹ್ನೆ ಥರ ಇದ್ದರೆ ದೀರ್ಘ ವಿರಾಮ. ವಾಟ್ಸಾಪ್ ಸ್ಟೇಟಸ್‌ಗೆ ಇಷ್ಟು ದೊಡ್ಡ ಪರದೆ ಇನ್ನೆಲ್ಲೂ ಸಿಗಲ್ಲ!

ರೆಕ್ಕೆಯ ಅಡ್ಡಳತೆ ಸುಮಾರು 28 ಮೀಟರ್, ತುದಿ ನೆಲಕ್ಕೆ ತೀರಾ ಹತ್ತಿರ ಬರುತ್ತೆ. ಅದಕ್ಕೇ ಇಂಥ ಮಿಲ್‌ಗೆ ಎದುರುಬದುರು ಎರಡು ಬಾಗಿಲು: ಒಂದರ ಮುಂದೆ ರೆಕ್ಕೆ ಓಡ್ತಿದ್ದರೆ ಇನ್ನೊಂದರಿಂದ ಓಡಾಡೋದು. ಹಲವು ಮಿಲ್‌ಗಳಲ್ಲಿ ಇವತ್ತಿಗೂ ಸಂಸಾರಗಳಿವೆ, ಫೋಟೋಗೆ ಅಂತ ಅವರ ಅಂಗಳಕ್ಕೆ ನುಗ್ಬೇಡಿ.

ಕಾಲುದಾರಿಗೆ ಟಿಕೆಟ್ ಇಲ್ಲ, ಮ್ಯೂಸಿಯಂ ಮಿಲ್‌ಗಳ ಒಳಗೆ ಹೋಗೋಕೆ ಬೇಕು. ಒಳಗಿನ ಮೆಟ್ಟಿಲು ಹೆಚ್ಚುಕಮ್ಮಿ ಏಣಿನೇ; ಇಳಿಯುವಾಗ ಮುಖ ಮೆಟ್ಟಿಲ ಕಡೆ ಇರಲಿ, ಬೆನ್ನಿಗೆ ದೊಡ್ಡ ಬ್ಯಾಗ್ ಬೇಡ. ಛತ್ರಿ ಮರೆತರೂ ಪರವಾಗಿಲ್ಲ, ಬಯಲಲ್ಲಿ ಗಾಳಿ ಅದನ್ನು ತಿರುವಿ ಹಾಕುತ್ತೆ. ಟೋಪಿ ಇರೋ ಮಳೆ ಜಾಕೆಟ್ ತನ್ನಿ. ಮೇ ತಿಂಗಳ ಎರಡನೇ ವಾರಾಂತ್ಯ ರಾಷ್ಟ್ರೀಯ ಮಿಲ್ ದಿನ. ಆಗ ಹೋದರೆ, ಗಾಳಿ ಇದ್ದರೆ, ರೆಕ್ಕೆಗಳು ತಿರುಗೋದು ನೋಡೋ ಅವಕಾಶ ಜಾಸ್ತಿ.

ವಿಡಿಯೋ ಉದ್ದ ಆಯ್ತು, ಮಧ್ಯಾಹ್ನದ ಮೇಲಿನದನ್ನ ಒಂದೇ ಉಸಿರಿಗೆ ಹೇಳ್ತೀನಿ. ಕಿಂಡರ್‌ಡೈಕ್‌ನಿಂದ ದೋಣಿಯಲ್ಲೇ ಡೋರ್ಡ್ರೆಕ್ಟ್. ಅಲ್ಲಿ ಗ್ರೋಟ್‌ಹೋಫ್ಟ್ ಕಟ್ಟೆ ಮೇಲೆ ಕೂತರೆ ಮೂರು ನದಿಗಳ ಕೂಡಲು, ಸರಕು ಹಡಗುಗಳ ಸಾಲು. ಆಮೇಲೆ ರೈಲು ಹಿಡಿದು ರಾಟರ್‌ಡ್ಯಾಮ್ ಬ್ಲಾಕ್ ನಿಲ್ದಾಣಕ್ಕೆ. ಎಲ್ಲ ರೈಲೂ ಅಲ್ಲಿ ನಿಲ್ಲಲ್ಲ, ಸ್ಪ್ರಿಂಟರ್ ಅನ್ನೋ ಲೋಕಲ್ ರೈಲು ಹತ್ತಿ. ಇಳಿದರೆ ಪೀಟ್ ಬ್ಲೊಮ್ ವಿನ್ಯಾಸದ ಹಳದಿ ಕ್ಯೂಬ್ ಮನೆಗಳು, ಒಂದರ ಒಳಗೆ ಟಿಕೆಟ್ ಕೊಂಡು ಹೋಗಬಹುದು. ಗೋಡೆ ಎಲ್ಲ ಓರೆ, ಮೆಟ್ಟಿಲು ಕಡಿದು. ಮಂಡಿ ನೋವಿದ್ದವರು ಹೊರಗಿಂದ ನೋಡಿ ನೇರ ಮಾರ್ಕ್ಟ್‌ಹಾಲ್‌ಗೆ ನಡೀರಿ, ಹತ್ತಿರದಲ್ಲೇ ಇದೆ, ಊಟನೂ ಅಲ್ಲೇ ಆಗುತ್ತೆ.