ಚಿಕ್ಕ ಶಾಲೆ, ದೊಡ್ಡ ಪರ್ಸೆಂಟೇಜು

ನಮಸ್ಕಾರ. ಅಮೆರಿಕದಲ್ಲಿ ಮನೆ ಹುಡುಕೋ ನಮ್ಮ ಜನ ಅಡುಗೆಮನೆ ನೋಡೋದಕ್ಕೂ ಮುಂಚೆ ಶಾಲೆ ರೇಟಿಂಗ್ ನೋಡ್ತಾರೆ. ಹತ್ತಕ್ಕೆ ಒಂಬತ್ತು ಇದ್ರೆ ಸೈ, ಎರಡು ಇದ್ರೆ ಆ ಏರಿಯಾದ ಸಹವಾಸವೇ ಬೇಡ. ಆ ಎರಡು, ಮೂರು ಬಂದವರ ಸಾಲಲ್ಲಿ ಒಂದು ತರಹದ ಶಾಲೆ ಪದೇ ಪದೇ ಸಿಗುತ್ತೆ. ಆಲ್ಟರ್ನೇಟಿವ್ ಹೈಸ್ಕೂಲ್, ಅಂದ್ರೆ ಮಾಮೂಲಿ ಹೈಸ್ಕೂಲಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಅಂತ ಇರೋ ಶಾಲೆ. ಇಡೀ ಶಾಲೆಗೆ ಎಂಬತ್ತೋ ತೊಂಬತ್ತೋ ಮಕ್ಕಳು. ಇವತ್ತು ನಾನು ಅದರ ಪರ ವಕಾಲತ್ತು ವಹಿಸ್ತೀನಿ. ಪೂರ್ತಿ ಅಲ್ಲ, ಜಗಳಾನೂ ಇದೆ.

ಇದು ಹೊಸ ಪ್ರಯೋಗ ಏನಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದರದ್ದೇ ಒಂದು ರೂಪವಾದ ಕಂಟಿನ್ಯುಯೇಶನ್ ಹೈಸ್ಕೂಲ್‌ಗಳು 1919ರಿಂದ ಇವೆ. ಕೆಲಸಕ್ಕೆ ಹೋಗೋ ಹುಡುಗರು ಓದು ಬಿಡದಿರಲಿ ಅಂತ ಶುರುವಾಗಿದ್ದು. ಈಗ ಅಲ್ಲಿಗೆ ಬರೋರು ಹದಿನಾರು ದಾಟಿದ, ಕ್ರೆಡಿಟ್‌ನಲ್ಲಿ, ಅಂದ್ರೆ ಪಾಸಾದ ಪ್ರತಿ ವಿಷಯಕ್ಕೂ ಸಿಗೋ ಪಾಯಿಂಟ್‌ನಲ್ಲಿ, ಹಿಂದೆ ಬಿದ್ದ ಮಕ್ಕಳು.

ಒಂದು ಹುಡುಗಿ ಅಂದ್ಕೊಳ್ಳಿ. ದೊಡ್ಡ ಹೈಸ್ಕೂಲಲ್ಲಿ ಮೂರು ವರ್ಷ ಕಳೆದಿದ್ದಾಳೆ. ಗ್ರಾಜುಯೇಟ್ ಆಗೋಕೆ, ಅಂದ್ರೆ ಹೈಸ್ಕೂಲ್ ಮುಗಿಸೋಕೆ, 220 ಕ್ರೆಡಿಟ್ ಬೇಕು, ಅವಳ ಹತ್ರ ಇರೋದು 95. ಬೆಳಿಗ್ಗೆ ತಮ್ಮನ್ನ ಶಾಲೆಗೆ ಬಿಟ್ಟು ಬರಬೇಕು, ಹಾಗಾಗಿ ಮೊದಲ ಪೀರಿಯಡ್ ತಪ್ಪುತ್ತೆ. ಆ ಪೀರಿಯಡ್ ಮ್ಯಾಥ್ಸ್. ಎರಡು ಸಲ ಎಫ್. ಕೌನ್ಸೆಲರ್ ಕರೆದು, ‘ನಿನಗೆ ಆ ಚಿಕ್ಕ ಶಾಲೆನೇ ಸರಿ ಹೋಗುತ್ತೆ’ ಅಂತಾರೆ. ಹೋಗ್ತಾಳೆ. ಒಂದೇ ವರ್ಷದಲ್ಲಿ 80 ಕ್ರೆಡಿಟ್ ಗಳಿಸ್ತಾಳೆ. ಹಿಂದಿನ ಶಾಲೆಯಲ್ಲಿ ವರ್ಷಕ್ಕೆ ಮೂವತ್ತೆರಡೂ ಆಗಿರಲಿಲ್ಲ! ಉಳಿದ 45 ಕ್ರೆಡಿಟ್ ಐದನೇ ವರ್ಷ ಡಿಸೆಂಬರ್‌ಗೆ ಮುಗಿಯುತ್ತೆ, ಡಿಪ್ಲೊಮಾ, ಅಂದ್ರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟು, ಕೈಗೆ ಬರುತ್ತೆ.

ಲೆಕ್ಕದಲ್ಲಿ ಅವಳು ಫೇಲು. 2008ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಎಲ್ಲ ರಾಜ್ಯಗಳಿಗೂ ಗ್ರಾಜುಯೇಶನ್ ರೇಟ್‌ಗೆ, ಅಂದ್ರೆ ನೂರಕ್ಕೆ ಎಷ್ಟು ಮಕ್ಕಳು ಹೈಸ್ಕೂಲ್ ಮುಗಿಸಿದ್ರು ಅನ್ನೋದಕ್ಕೆ, ಒಂದೇ ಸೂತ್ರ ಹಾಕಿತು: ಒಂಬತ್ತನೇ ತರಗತಿ ಸೇರಿದ ನಾಲ್ಕು ವರ್ಷದೊಳಗೆ ರೆಗ್ಯುಲರ್ ಡಿಪ್ಲೊಮಾ ಬಂದಿರಬೇಕು. ಡಿಪ್ಲೊಮಾ ಬದಲಿಗೆ ಇರೋ ಜಿಇಡಿ ಪರೀಕ್ಷೆ ಬರೆದು ಪಾಸಾದ್ರೂ ಲೆಕ್ಕಕ್ಕಿಲ್ಲ. ಐದು ವರ್ಷದ ರೇಟನ್ನೂ ರಾಜ್ಯಗಳು ಕೊಡಬಹುದು, ಆದ್ರೆ ಜನ ನೋಡೋದು ನಾಲ್ಕು ವರ್ಷದ್ದನ್ನೇ. ಆ ಹುಡುಗಿಯ ಹೆಸರು ಈಗ ಚಿಕ್ಕ ಶಾಲೆಯ ಖಾತೆಗೆ. ಮೂರು ವರ್ಷ ಇಟ್ಟುಕೊಂಡ ದೊಡ್ಡ ಶಾಲೆಯ ರೇಟು ಮಾತ್ರ ಥಳಥಳ ಅಂತಿರುತ್ತೆ. ಮಾಡಿದ್ದು ಒಬ್ಬರು, ಉಣ್ಣೋದು ಇನ್ನೊಬ್ಬರು.

ಇನ್ನು ಸಂಖ್ಯೆಯ ಆಟ. ಕೊನೆ ವರ್ಷದಲ್ಲಿ ಇಪ್ಪತ್ತು ಮಕ್ಕಳಿದ್ರೆ ಒಂದು ಮಗು ಅಂದ್ರೆ ಐದು ಪರ್ಸೆಂಟ್. ಅವರಲ್ಲಿ ನಾಲ್ವರ ಕುಟುಂಬಗಳು ಬಾಡಿಗೆ ಕಟ್ಟಲಾಗದೆ ಊರು ಬಿಟ್ಟು, ಮಕ್ಕಳು ಬೇರೆ ಶಾಲೆ ಸೇರಿದ ದಾಖಲೆ ಬರದೇ ಇದ್ರೆ, ಇಪ್ಪತ್ತು ಪರ್ಸೆಂಟ್ ಮಾಯ. ಮೇಷ್ಟ್ರ ಪಾಠ ಮೊನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ.

ಶಾಲೆಯ ಅಂಕಿಅಂಶದಲ್ಲಿ ಮಕ್ಕಳು ಯಾರು ಅನ್ನೋ ಕಾಲಮ್ಮಿನದ್ದೂ ಇದೇ ಪಾಡು. ಬಡ ಮಕ್ಕಳೆಷ್ಟು ಅನ್ನೋದಕ್ಕೆ ಅಲ್ಲಿ ಹಳೇ ಅಳತೆ ಶಾಲೆಯ ಊಟ. ಆದಾಯ ಬಡತನ ರೇಖೆಯ 130 ಪರ್ಸೆಂಟ್ ಒಳಗಿದ್ರೆ ಉಚಿತ, 185ರ ಒಳಗಿದ್ರೆ ರಿಯಾಯಿತಿ. ಈಗ ಎಷ್ಟೋ ಶಾಲೆಗಳಲ್ಲಿ ಎಲ್ಲರಿಗೂ ಉಚಿತ ಊಟ, ಮನೆಯವರು ಫಾರಂ ತುಂಬೋ ಹಾಗೇ ಇಲ್ಲ. ಮಕ್ಕಳಿಗೆ ಒಳ್ಳೇದೇ ಆಯ್ತು, ಅಳತೆ ಮಾತ್ರ ಕೆಟ್ಟಿತು. ಇಂಗ್ಲಿಷ್ ಕಲೀತಿರೋರು, ಹೆತ್ತವರಿಂದ ದೂರ ಸರ್ಕಾರದ ಆಸರೆಯಲ್ಲಿ (ಫಾಸ್ಟರ್ ಕೇರ್) ಇರೋರು, ಮನೆ ಇಲ್ಲದೋರು ಅಂತ ಬೇರೆ ಬೇರೆ ನೋಡೋಣ ಅಂದ್ರೆ, ಕ್ಯಾಲಿಫೋರ್ನಿಯಾದಲ್ಲಿ ಹನ್ನೊಂದಕ್ಕಿಂತ ಕಡಿಮೆ ಮಕ್ಕಳ ಗುಂಪಿನ ಫಲಿತಾಂಶ ತೋರಿಸಲ್ಲ. ಗುರುತು ಸಿಗಬಾರದಲ್ಲ, ಸರಿಯೇ. ಆದ್ರೆ ಚಿಕ್ಕ ಶಾಲೆಯಲ್ಲಿ ಎಲ್ಲ ಗುಂಪೂ ಚಿಕ್ಕದೇ.

ಈಗ ಜಗಳ. ಈ ಮರೆಯಲ್ಲಿ ನಿಜವಾಗ್ಲೂ ಕೆಟ್ಟ ಶಾಲೆಗಳೂ ಬಚ್ಚಿಟ್ಟುಕೊಳ್ತವೆ. ವರ್ಕ್‌ಶೀಟ್ ಕೊಟ್ಟು ಕೂರಿಸಿ, ತುಂಬಿಸಿದ್ರೆ ಕ್ರೆಡಿಟ್ ಹಾಕಿಬಿಡೋದು. ಅದಕ್ಕೆ ನನ್ನ ವಕಾಲತ್ತಿಲ್ಲ. ಕಾನೂನು ಏನು ಮಾಡುತ್ತೆ ನೋಡಿ. ಅಮೆರಿಕದ 2015ರ ಶಿಕ್ಷಣ ಕಾಯ್ದೆ ಪ್ರಕಾರ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಗ್ರಾಜುಯೇಟ್ ಆಗದ ಹೈಸ್ಕೂಲನ್ನ ಸುಧಾರಣೆಯ ಪಟ್ಟಿಗೆ ಹಾಕಬೇಕು. ಆದ್ರೆ ಇಂಥ ಹಿಂದೆ ಬಿದ್ದ ಮಕ್ಕಳದ್ದೇ ಶಾಲೆಯಾಗಿ, ನೂರಕ್ಕಿಂತ ಕಡಿಮೆ ಜನ ಇದ್ರೆ, ಸುಧಾರಣೆ ಕೆಲಸ ಕೈಬಿಡೋಕೆ ರಾಜ್ಯ ಅನುಮತಿ ಕೊಡಬಹುದು. ಅಂದ್ರೆ ಹಣೆಪಟ್ಟಿ ಹಚ್ಚೋದು, ಆಮೇಲೆ ತಿರುಗಿಯೂ ನೋಡದಿರೋದು, ಎರಡಕ್ಕೂ ಕಾನೂನೇ ದಾರಿ ಬಿಟ್ಟಿದೆ. ನನಗೆ ಕೋಪ ಬರೋದು ಇಲ್ಲಿ.

ಚಿಕ್ಕ ಶಾಲೆಗೆ ಹೋದ್ರೆ ಗ್ರಾಜುಯೇಶನ್ ರೇಟ್ ಕೇಳಬೇಡಿ. ಮಗು ಬಂದಾಗ ಎಷ್ಟು ಕ್ರೆಡಿಟ್ ಇತ್ತು, ಒಂದು ಟರ್ಮ್‌ನಲ್ಲಿ ಎಷ್ಟು ಗಳಿಸ್ತು, ಹಾಜರಾತಿ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ ಕೇಳಿ. ಒಳ್ಳೇ ಪ್ರಿನ್ಸಿಪಾಲ್‌ಗೆ ಇದು ಬಾಯಿಪಾಠ ಇರುತ್ತೆ. ಪಕ್ಕದ ಒಂಬತ್ತು ರೇಟಿಂಗ್ ಶಾಲೆಯವರನ್ನೂ ಒಂದು ಮಾತು ಕೇಳಿ: ‘ಹೋದ ವರ್ಷ ಎಷ್ಟು ಮಕ್ಕಳನ್ನ ಅಲ್ಲಿಗೆ ಕಳಿಸಿದ್ರಿ?’ ಏನಂದ್ರು ಅಂತ ಕಾಮೆಂಟಲ್ಲಿ ಹಾಕಿ.